ಮೊದಲ ಭಾವಚಿತ್ರಗಳನ್ನು ಯಾರಿಗೆ ತೋರಿಸಬೇಕು?

ತುಮಕೂರಿನ ಅಮಾನಿಕೆರೆ ಬಳಿಯೋ ಕುಣಿಗಲ್ ದೊಡ್ಡಕೆರೆಯ ಏರಿಯ ಮೇಲೋ ಗೆಳತಿಯನ್ನೋ ತಮ್ಮನನ್ನೋ ನಿಲ್ಲಿಸಿ ಭಾವಚಿತ್ರ ತೆಗೆಯಲು ಶುರುಮಾಡಿದವರೇ, ‘ಸೂಪರ್’ ಅನ್ನುವ ನೆಂಟರನ್ನು ಬಿಟ್ಟು ಕೆಲಸ ಬಲ್ಲ ಒಬ್ಬರನ್ನು ಹುಡುಕಿಕೊಳ್ಳಿ. ಮದುವೆ ಫೋಟೋ ತೆಗೆದೇ ತಲೆ ನರೆತ ಸ್ಟುಡಿಯೋದವರಾದರೂ ಸರಿ. ರಾಶಿ ಸುರಿಯಬೇಡಿ, ನಾಲ್ಕೇ ಚಿತ್ರ ಆರಿಸಿ, ಪ್ರಿಂಟ್ ಹಾಕಿಸಿ ಒಯ್ಯಿರಿ. ‘ಹೇಗಿದೆ?’ ಎಂದರೆ ‘ಚೆನ್ನಾಗಿದೆ’ ಎಂದಷ್ಟೇ ಉತ್ತರ ಬರುತ್ತದೆ. ಕಣ್ಣಲ್ಲಿ ಬೆಳಕಿನ ಚುಕ್ಕಿ ಇದೆಯೇ, ಮೂಗು ಉಬ್ಬಿದಂತಿದೆಯೇ ಎಂದು ಬಿಡಿಸಿ ಕೇಳಿ. ಮೂಗು ಉಬ್ಬುವುದು ತೀರಾ ಹತ್ತಿರ ನಿಂತಾಗ; ಹಿಂದೆ ಸರಿದು 85 ಎಂಎಂ ಲೆನ್ಸ್ ಬಳಸಿದರೆ ಮುಖ ತನ್ನ ಅಳತೆಗೆ ಬರುತ್ತದೆ. ನಡುಹಗಲಲ್ಲಿ ಕಣ್ಣಗುಳಿ ಕಪ್ಪಾದರೆ ಜಗಲಿಯ ನೆರಳಿಗೆ ಕರೆತನ್ನಿ. ಕನ್ನಡ ಲೇಖಕರ ಮುಖಗಳನ್ನು ಛಾಯಾಗ್ರಾಹಕ ಎ.ಎನ್. ಮುಕುಂದ ಹೇಗೆ ಹಿಡಿದಿದ್ದಾರೆಂದು ಸಾವಕಾಶವಾಗಿ ನೋಡಿ.

ಆದರೂ ಚಿತ್ರಕ್ಕೆ ನಿಂತ ರೂಪದರ್ಶಿಯ ಅಭಿಪ್ರಾಯ ನನಗೆ ಎಲ್ಲಕ್ಕಿಂತ ಮುಖ್ಯ. ಗುಬ್ಬಿ ನಾಟಕ ಕಂಪನಿ 1884ರಲ್ಲಿ ಹುಟ್ಟಿದ ಸೀಮೆ ಈ ತುಮಕೂರು. ಹಾಗಾಗಿ ಊರಿನ ನಾಟಕದವರನ್ನೇ ರೂಪದರ್ಶಿಗಳಾಗಿ ಕೂರಿಸಿ ನೋಡಿ, ಬೆಳಕಿಗೆ ಮುಖ ಒಡ್ಡುವುದನ್ನು ಅವರೇ ಕಲಿಸುತ್ತಾರೆ. ಚಿತ್ರವನ್ನು ಬೇರೆಯವರಿಗೆ ತೋರಿಸುವ ಮುನ್ನ ರೂಪದರ್ಶಿಯ ಒಪ್ಪಿಗೆ ಪಡೆಯಿರಿ. ನೋಡಿದವರು ಮೈಬಣ್ಣದ ಮಾತೆತ್ತಿದರೆ ಅಲ್ಲೇ ತಡೆದು, ಎಕ್ಸ್‌ಪೋಷರ್ ಸರಿಯಿದೆಯೇ ಎಂದು ಕೇಳಿ.