ಬಿಸಿಯಾದರೆ ನಿಲ್ಲುವ ಯೆಜ್ಡಿ

ಪ್ಲಗ್ ಬದಲಾಯಿಸಿದರೆ ಗಾಡಿ ಸ್ಟಾರ್ಟ್ ಆಗುತ್ತಿತ್ತು. 2023ರಲ್ಲಿ ಎಂಟು ತಿಂಗಳು ನನ್ನ ದಾರಿ ತಪ್ಪಿಸಿದ್ದು ಅದೇ.

ರಿಚರ್ಡ್ಸ್ ಪಾರ್ಕಿನ ಹತ್ತಿರದ ನಮ್ಮ ಮನೆ ಮುಂದೆ ಬೆಳಿಗ್ಗೆ ಒಂದೇ ಕಿಕ್ಕಿಗೆ ಏಳುವ ಯೆಜ್ಡಿ, ಹಲಸೂರು ಕೆರೆ ದಾಟಿ ಇಂದಿರಾನಗರದ ಕಡೆ ತಿರುಗುವಷ್ಟರಲ್ಲಿ ಎರಡು ಸಲ ಮುಗ್ಗರಿಸಿ, ಸೈಲೆನ್ಸರಿನಲ್ಲಿ ಢಮ್ಮೆಂದು ನಿಂತುಬಿಡುತ್ತಿತ್ತು. ಪಕ್ಕಕ್ಕೆ ತಳ್ಳಿಕೊಂಡು ಹೋಗಿ, ಪ್ಲಗ್ ಬಿಚ್ಚಿ, ಉಪ್ಪು ಪೇಪರಿನಲ್ಲಿ ಉಜ್ಜಿಯೋ ಹೊಸದು ಹಾಕಿಯೋ ಒದ್ದರೆ ಎದ್ದೇಳುತ್ತಿತ್ತು. ಟೂ ಸ್ಟ್ರೋಕ್ ಗಾಡಿ, ಪೆಟ್ರೋಲಿಗೆ ಆಯಿಲ್ ಬೆರೆಸಿ ಓಡಿಸುವಂಥದ್ದು, ಪ್ಲಗ್ ಕಪ್ಪಾಗುವುದು ಸಹಜ. ಹಾಗಾಗಿ ಪ್ಲಗ್ಗಿನದೇ ತಪ್ಪು ಎಂದುಕೊಂಡು ಆಯಿಲ್ ಅಳತೆ ಇಳಿಸಿದೆ. ಎರಡು ದಿನ ಬಿಟ್ಟು ಮತ್ತೆ ಅದೇ ಜಾಗದಲ್ಲಿ ನಿಂತಿತು.

ಮುಂದೆ ಮಾಡಿದ ರಿಪೇರಿಗಳೂ ಹೀಗೆಯೇ ಒಂದೊಂದು ಸಲ ಫಲ ಕೊಟ್ಟವು. ಜೆ.ಸಿ. ರೋಡಿನಿಂದ ಕಿಟ್ ತಂದು ಕಾರ್ಬ್ಯುರೇಟರಿನ ಜೆಟ್ಟು, ಸೂಜಿ, ಫ್ಲೋಟು ಎಲ್ಲ ಹೊಸದು ಹಾಕಿದೆ. ನಿಂತಲ್ಲಿಯೇ ಪೆಟ್ರೋಲ್ ಕಾಕ್ ಬಿಚ್ಚಿ ಜಾಲರಿ ತೊಳೆದೆ, ಗಾಡಿ ಎದ್ದಿತು. ಟ್ಯಾಂಕಿನ ಮುಚ್ಚಳದ ಗಾಳಿಕಿಂಡಿ ಕಟ್ಟಿರಬೇಕೆಂದು ಮುಚ್ಚಳ ತೆಗೆದು, ಪಿನ್ನು ತೂರಿಸಿ ಹಾಕಿದೆ, ಆಗಲೂ ಎದ್ದಿತು. ಎಥೆನಾಲ್ ಬೆರೆತ ಪೆಟ್ರೋಲು ನೀರು ಹೀರುತ್ತದೆ, ಹಳೆಯ ರಬ್ಬರನ್ನು ಕೆಡಿಸುತ್ತದೆ ಎನ್ನುವುದು ನಿಜವೇ. ಅದನ್ನು ಹಿಡಿದುಕೊಂಡು ಎರಡು ತಿಂಗಳು ಬಂಕು ಬದಲಾಯಿಸುತ್ತ ಓಡಾಡಿದೆ. ಪ್ರತಿ ಸಲವೂ ರೋಗ ಸಿಕ್ಕಿತು ಎಂದೇ ನಂಬಿದ್ದೆ.

ಇಷ್ಟರಲ್ಲಿ ನಮ್ಮ ಚಿಕ್ಕಪ್ಪ ಬಂದರು. "ಆರು ವೋಲ್ಟು ಅಂದ್ರೆ ಬುಡ್ಡಿದೀಪ ಕಣೋ. ಹನ್ನೆರಡರ ಕಾಯಿಲ್ ಹಾಕು, ಕಿಡಿ ಎರಡರಷ್ಟು ಬರುತ್ತೆ" ಎಂದು ಪಟ್ಟು ಹಿಡಿದು, ತಾವೇ ಕಾಯಿಲ್ ಕೊಂಡುತಂದು, ತಾವೇ ನಿಂತು ಹಾಕಿಸಿದರು. ಅವರ ಮೇಲಿನ ಕೋಪ ನನಗೆ ಇವತ್ತಿಗೂ ಇಳಿದಿಲ್ಲ. ಆರು ವೋಲ್ಟಿನ ಬ್ಯಾಟರಿಗೆ ಹನ್ನೆರಡರ ಕಾಯಿಲ್ ಕಟ್ಟಿದರೆ ಒಳಸುತ್ತಿನ ರೆಸಿಸ್ಟೆನ್ಸ್ ಜಾಸ್ತಿಯಾಗಿ, ಹರಿಯಬೇಕಾದ ಕರೆಂಟಿನ ಸುಮಾರು ಅರ್ಧ ಮಾತ್ರ ಹರಿಯುತ್ತದೆ. ಕಿಡಿ ಎರಡರಷ್ಟಾಗುವ ಬದಲು ಇದ್ದದ್ದೂ ಸೊರಗುತ್ತದೆ. ಅಲ್ಲಿಯತನಕ ಇಪ್ಪತ್ತು ನಿಮಿಷ ಓಡುತ್ತಿದ್ದ ಗಾಡಿ ಹನ್ನೆರಡು ನಿಮಿಷಕ್ಕೆ ನಿಲ್ಲತೊಡಗಿತು. ಹಳೆಯ ಕಾಯಿಲನ್ನು ಅವರು ಗುಜರಿಯವನಿಗೆ ಕೊಟ್ಟುಬಿಟ್ಟಿದ್ದರು.

ಶಿವಾಜಿನಗರದಲ್ಲಿ ನಲವತ್ತು ವರ್ಷದಿಂದ ಜಾವಾ, ಯೆಜ್ಡಿ ಬಿಚ್ಚುತ್ತಿರುವ ಉಸ್ತಾದರೊಬ್ಬರಿದ್ದಾರೆ. ಆರು ವೋಲ್ಟಿನ ಕಾಯಿಲ್ ಮತ್ತೆ ಸಿಕ್ಕಿದ್ದು ಅವರ ಹಳೆಯ ಸಾಮಾನಿನ ಡಬ್ಬದಲ್ಲಿ. ಗಾಡಿಯನ್ನು ಮೂರು ಸಲ ಅವರಲ್ಲಿಗೆ ಒಯ್ದಿದ್ದೆ. ಮೂರು ಸಲವೂ ಕಿಡಿ ಚೆನ್ನಾಗಿತ್ತು, ಗಾಡಿ ಚೆನ್ನಾಗಿ ಓಡಿತು. "ಸಾರ್, ನಿಂತಿರೋವಾಗ ನನಗೆ ತೋರ್ಸಿ. ಓಡ್ತಿರೋ ಗಾಡೀಲಿ ನಾನೇನು ಹುಡುಕ್ಲಿ? ನಿಂತ ಕೂಡ್ಲೆ, ಬಿಸಿ ಆರೋಕೆ ಮುಂಚೆ, ನೀವೇ ಪಾಯಿಂಟ್ ನೋಡಿ" ಎಂದರು. ಆ ಮಾತನ್ನು ಆಗಲೇ ಕಿವಿಗೆ ಹಾಕಿಕೊಂಡಿದ್ದರೆ ಮುಂದಿನದೊಂದೂ ನಡೆಯುತ್ತಿರಲಿಲ್ಲ. ಪೆಟ್ರೋಲೇ ಕಾರಣ ಎಂಬ ಹಟ ನನ್ನದು.

ಆ ಜುಲೈನಲ್ಲಿ ರಿಜಿಸ್ಟ್ರೇಷನ್ ನವೀಕರಣವೂ ಬಂತು. ಗಾಡಿ 1983ರದ್ದು, ಅಪ್ಪ ಕೊಂಡದ್ದು. ಹದಿನೈದು ವರ್ಷ ತುಂಬಿದ ಗಾಡಿಯನ್ನು ಐದೈದು ವರ್ಷಕ್ಕೊಮ್ಮೆ ತೋರಿಸಿ ನವೀಕರಿಸಬೇಕು, 2022ರ ಏಪ್ರಿಲಿನಿಂದ ದ್ವಿಚಕ್ರ ವಾಹನಕ್ಕೆ ಶುಲ್ಕ 1000 ರೂಪಾಯಿ ಆಗಿತ್ತು. ಸಾರಿಗೆ ಕಚೇರಿಯಲ್ಲಿ ಎರಡು ಗಂಟೆ ಬಿಸಿಲಲ್ಲಿ ಸಾಲಿನಲ್ಲಿ ನಿಲ್ಲಿಸಿ, ಎಂಜಿನ್ ಆಫ್ ಮಾಡಬೇಡಿ ಎಂದರು. ಸರದಿ ಬಂದಾಗ ಹಾರ್ನ್ ಗೊಗ್ಗರು ದನಿಯಲ್ಲಿ ಅರ್ಧಕ್ಕೇ ನಿಂತಿತು, ಆಮೇಲೆ ಎಂಜಿನ್ನೂ ನಿಂತಿತು. ಇನ್ಸ್‌ಪೆಕ್ಟರು ಗಾಡಿಯನ್ನು ಮುಟ್ಟಲೂ ಇಲ್ಲ. "ಇದನ್ನ ಗುಜರಿಗೆ ಹಾಕಿ, ಹೊಸದು ತಗೊಳ್ಳಿ" ಎಂದು ಕಾಗದ ವಾಪಸು ಕೊಟ್ಟರು. ಅಪ್ಪ ಇದ್ದಿದ್ದರೆ ಆ ಮಾತು ಕೇಳಿ ಏನಾಗುತ್ತಿದ್ದರೋ. ಎರಡು ಗಂಟೆ ಐಡಲಿನಲ್ಲಿ ನಿಲ್ಲಿಸಿದರೆ ಡೈನಮೋ ಬ್ಯಾಟರಿಗೆ ಏನೂ ತುಂಬುವುದಿಲ್ಲ ಎಂದು ತಿಳಿದವರು ಅಲ್ಲಿ ಒಬ್ಬರೂ ಇರಲಿಲ್ಲವೇ ಎಂದು ನನಗೆ ಈಗಲೂ ಅನ್ನಿಸುತ್ತದೆ. ಎರಡನೆಯ ಸಲ ಹೋಗಿ, ಸರದಿ ಬರುವ ತನಕ ಎಂಜಿನ್ ಆಫ್ ಮಾಡಿಟ್ಟು, ಪಾಸು ಮಾಡಿಸಿಕೊಂಡು ಬಂದೆ.

ಸೆಪ್ಟೆಂಬರಿನ ಆ ರಾತ್ರಿಯ ಮಾತು ಹೇಳಬೇಕು. ಪಿಯುಸಿ ಓದುತ್ತಿದ್ದ ಮಗಳನ್ನು ಕೆ.ಆರ್. ಪುರದ ಅವಳ ದೊಡ್ಡಮ್ಮನ ಮನೆಯಿಂದ ಕರೆತರುತ್ತಿದ್ದೆ. ಕೆ.ಆರ್. ಪುರದಿಂದ ಬೈಯಪ್ಪನಹಳ್ಳಿಗೆ ಮೆಟ್ರೊ ಆಗಿನ್ನೂ ಓಡುತ್ತಿರಲಿಲ್ಲ, ಮುಂದಿನ ತಿಂಗಳು ಶುರುವಾಯಿತು. ಮಳೆ ಬಂದು ನಿಂತಿತ್ತು. ಒಂಬತ್ತು ಗಂಟೆಯಾದರೂ ಹ್ಯಾಂಗಿಂಗ್ ಬ್ರಿಡ್ಜಿಗೆ ಮುಂಚಿನಿಂದಲೇ ಗಾಡಿಗಳು ತೆವಳುತ್ತಿದ್ದವು. ಇಪ್ಪತ್ತೈದು ನಿಮಿಷ ಕ್ಲಚ್ಚಿನಲ್ಲೇ ತಳ್ಳಿಕೊಂಡು ಬಂದು ಸೇತುವೆ ಹತ್ತಿದೆವು. ಏರು ಮುಗಿಯುವ ಮೊದಲೇ ಎಂಜಿನ್ ಮುಗ್ಗರಿಸಿತು, ಢಮ್ಮೆಂದಿತು, ನಿಂತಿತು. ಹೆಡ್‌ಲೈಟು ಕಿತ್ತಳೆ ಬಣ್ಣಕ್ಕೆ ತಿರುಗಿ ಆರಿತು. ಹಿಂದಿನ ದೀಪವೂ ಹೋಯಿತು.

ಅಷ್ಟರಲ್ಲಿ ಮುಂದೆ ದಾರಿ ಬಿಟ್ಟುಕೊಂಡಿತ್ತು. ಹಿಂದಿನ ಗಾಡಿಗಳು ವೇಗ ಹಿಡಿದವು. ಕತ್ತಲಲ್ಲಿ, ಒದ್ದೆ ರಸ್ತೆಯಲ್ಲಿ, ದೀಪವಿಲ್ಲದ ಕಪ್ಪು ಗಾಡಿ. ಪಕ್ಕಕ್ಕೆ ಸರಿಯಲು ಅಲ್ಲಿ ಜಾಗವಿಲ್ಲ, ಮೋಟು ಗೋಡೆಯಾಚೆ ಕೆಳಗೆ ರೈಲು ಹಳಿ. ಲಾರಿಯೊಂದು ಹಾರ್ನ್ ಬಾರಿಸುತ್ತಲೇ ಎಷ್ಟು ಹತ್ತಿರ ದಾಟಿತೆಂದರೆ ಅದರ ಟಾರ್ಪಾಲಿನ ಹಗ್ಗದ ತುದಿ ನನ್ನ ಭುಜಕ್ಕೆ ಬಡಿಯಿತು. ತಿರುಗಿ ನೋಡಿದರೆ ಮಗಳು ಸೀಟಿನ ಮೇಲಿಲ್ಲ. ಗಾಡಿಯ ಹಿಂದೆ ಹತ್ತು ಹೆಜ್ಜೆ ದೂರದಲ್ಲಿ, ಬರುವ ಲಾರಿಗಳಿಗೆ ಎದುರಾಗಿ ನಿಂತು, ಮೊಬೈಲಿನ ಟಾರ್ಚ್ ಹಚ್ಚಿ ತಲೆಯ ಮೇಲೆ ಆಡಿಸುತ್ತಿದ್ದಳು. "ಈ ಕಡೆ ಬಾ ಪುಟ್ಟಿ" ಎಂದು ಕೂಗಿದೆ. "ನೀನು ತಳ್ಳಪ್ಪ, ನಾನು ನೋಡ್ಕೋತೀನಿ" ಎಂದಳು. ಅವಳ ದನಿ ನಡುಗುತ್ತಿತ್ತು, ಕೈ ಮಾತ್ರ ಇಳಿಯಲಿಲ್ಲ. ನೂರನಲವತ್ತು ಕಿಲೋ ಗಾಡಿಯನ್ನು ಏರಿನಲ್ಲಿ ತಳ್ಳುತ್ತಿದ್ದೆ, ಅವಳು ಹಿಂದು ಹಿಂದಕ್ಕೆ ಹೆಜ್ಜೆ ಹಾಕುತ್ತ ಬರುತ್ತಿದ್ದಳು. ಆಗ ಬಿಎಂಟಿಸಿ ಬಸ್ಸಿನ ಡ್ರೈವರೊಬ್ಬರು ನಮ್ಮ ಹಿಂದೆ ಬಂದು ವೇಗ ತಗ್ಗಿಸಿ, ಎರಡೂ ಕಡೆಯ ಇಂಡಿಕೇಟರ್ ಹಾಕಿ, ಸೇತುವೆ ಇಳಿಯುವ ತನಕ ನಮ್ಮ ನಡಿಗೆಯ ವೇಗದಲ್ಲೇ ಬಸ್ಸು ತಂದರು. ಅವರ ಹಿಂದೆ ನೂರಾರು ಹಾರ್ನ್ ಕೂಗುತ್ತಿದ್ದವು. ಇಳಿದ ಮೇಲೆ ಕೈಮುಗಿದೆ. ಅವರಿಗೆ ಅದು ಕಂಡಿತೋ ಇಲ್ಲವೋ.

ಟಿನ್ ಫ್ಯಾಕ್ಟರಿ ಕಡೆ ಮೆಟ್ರೊ ಕಂಬವೊಂದರ ಪಕ್ಕದ ಕತ್ತಲಲ್ಲಿ ಗಾಡಿ ನಿಲ್ಲಿಸಿ, ಅಭ್ಯಾಸದಂತೆ ಪ್ಲಗ್ ಸ್ಪ್ಯಾನರಿಗೆ ಕೈ ಹಾಕಿದೆ. ತಳ್ಳಾಟದಲ್ಲಿ ಅದು ಎಲ್ಲೋ ಬಿದ್ದುಹೋಗಿತ್ತು. ಜೇಬಿನಲ್ಲಿ ಉಳಿದದ್ದು ಒಂದು ಸ್ಕ್ರೂ ಡ್ರೈವರು. ಆಗ ಉಸ್ತಾದರ ಮಾತು ನೆನಪಾಯಿತು. ಎಂಜಿನ್ನು ಇನ್ನೂ ಮುಟ್ಟಲಾಗದಷ್ಟು ಬಿಸಿ. ಬಲಗಡೆಯ ಕವರು ಬಿಚ್ಚಿದೆ. ಮೊಬೈಲಿನಲ್ಲಿ ಚಾರ್ಜು ಉಳಿದಿಲ್ಲವೆಂದು ಮಗಳು ಟಾರ್ಚ್ ಆರಿಸಿದಳು. ಆ ಕತ್ತಲಲ್ಲೇ ಎಡಗಡೆಯ ಕಿಕ್ಕರನ್ನು ಕೈಯಿಂದ ಅದುಮಿದೆ. "ಅಪ್ಪ, ಇಲ್ಲಿ ಒಳಗೆ ಮಿಂಚ್ತಿದೆ. ನೀಲಿ ಬಣ್ಣ, ದೊಡ್ಡದಾಗಿ" ಎಂದಳು.

ಪಾಯಿಂಟಿನ ಬಾಯಲ್ಲಿ ಕಿಡಿ. ಪ್ಲಗ್ಗಿನಲ್ಲಿ ಹಾರಬೇಕಾದದ್ದು ಇಲ್ಲಿ ಹಾರುತ್ತಿತ್ತು. ಅರ್ಧ ಗಂಟೆ ಕಾದು ಮತ್ತೆ ಅದುಮಿದೆ. ಈಗ ಮಿಂಚಿಲ್ಲ, ಸೂಜಿಮೊನೆಯಷ್ಟು ಚುಕ್ಕೆ ಮಾತ್ರ. ಒದ್ದೆ, ಗಾಡಿ ಎದ್ದಿತು. ಏನನ್ನೂ ಬದಲಾಯಿಸಿರಲಿಲ್ಲ.

ಎಂಟು ತಿಂಗಳ ರಿಪೇರಿಯೆಲ್ಲ ಅಲ್ಲೇ ಅರ್ಥವಾಯಿತು. ಪ್ಲಗ್ ಬಿಚ್ಚಿ ಉಜ್ಜಲು ಹತ್ತು ನಿಮಿಷ, ಜಾಲರಿ ತೊಳೆಯಲು ಹದಿನೈದು. ಅಷ್ಟರಲ್ಲಿ ಬಿಸಿ ಆರುತ್ತಿತ್ತು. ಗಾಡಿ ಎದ್ದದ್ದು ಆ ಬಿಡುವಿನಿಂದ. ಶಿವಾಜಿನಗರಕ್ಕೆ ಒಯ್ದಾಗಲೂ ತಣ್ಣಗಿನ ಗಾಡಿಯನ್ನೇ ಒಯ್ಯುತ್ತಿದ್ದೆ.

ದೋಷ ಇದ್ದದ್ದು ಕಂಡೆನ್ಸರಿನಲ್ಲಿ, ಹೆಬ್ಬೆರಳಿಗಿಂತ ಚಿಕ್ಕದೊಂದು ಡಬ್ಬಿಯಲ್ಲಿ. ಪಾಯಿಂಟು ತೆರೆದುಕೊಂಡಾಗ ಕಾಯಿಲಿನ ಕರೆಂಟು ಥಟ್ಟನೆ ಕಡಿಯಬೇಕು, ಹಾಗೆ ಕಡಿದರೇ ಪ್ಲಗ್ಗಿಗೆ ಸಾವಿರಾರು ವೋಲ್ಟು ಹುಟ್ಟುವುದು. ಆ ಗಳಿಗೆಯಲ್ಲಿ ಪಾಯಿಂಟಿನ ನಡುವೆ ನೆಗೆಯಲು ನೋಡುವ ಕರೆಂಟನ್ನು ಕಂಡೆನ್ಸರು ಒಳಗೆ ಎಳೆದುಕೊಳ್ಳುತ್ತದೆ. ಅದು ಕೆಟ್ಟರೆ ಕಿಡಿ ಪಾಯಿಂಟಿನಲ್ಲೇ ಸುಟ್ಟುಹೋಗಿ, ಪ್ಲಗ್ಗಿಗೆ ಹಳದಿಯ ತೆಳುಗೆರೆ ಮಾತ್ರ ಉಳಿಯುತ್ತದೆ. ನಮ್ಮ ಗಾಡಿಯಲ್ಲಿ ಅದು ಡೈನಮೋ ಪ್ಲೇಟಿನ ಮೇಲೆ, ಎಂಜಿನ್ನಿನ ಬಿಸಿ ನೇರ ತಾಗುವಲ್ಲಿ ಕೂತಿದೆ. ಒಳಗಿನ ಸುರುಳಿ ಹಳತಾದ ಮೇಲೆ ತಣ್ಣಗಿದ್ದಾಗ ಸರಿ, ಕಾದಾಗ ಕೈಕೊಡುತ್ತದೆ.

ಅದರ ಜೊತೆಗೆ ಇನ್ನೊಂದು ರೋಗವೂ ಇತ್ತು. ಡೈನಮೋ ಕಾರ್ಬನ್ ಸವೆದು ಮೋಟಾಗಿದ್ದವು, ಬ್ಯಾಟರಿ ಎಂದೂ ಪೂರ್ತಿ ತುಂಬುತ್ತಿರಲಿಲ್ಲ. ಹೆಡ್‌ಲೈಟ್ ಡೂಮಿನ ಕೆಂಪು ದೀಪ ಐಡಲಿನಲ್ಲಿ ಉರಿದರೆ ಚಿಂತೆಯಿಲ್ಲ, ಎಕ್ಸಲರೇಟರ್ ತಿರುವಿದರೂ ಆರದಿದ್ದರೆ ಚಾರ್ಜಾಗುತ್ತಿಲ್ಲ ಎಂದು ಅರ್ಥ. ಆ ದೀಪ ತಿಂಗಳುಗಟ್ಟಲೆ ನನ್ನ ಕಣ್ಣೆದುರೇ ಉರಿದಿತ್ತು. ಹಾರ್ನ್ ಗೊಗ್ಗರಾಗಿದ್ದು, ಸೇತುವೆಯಲ್ಲಿ ದೀಪ ಆರಿದ್ದು ಇದರಿಂದ. ಒಂದೇ ಕಾರಣ ಹುಡುಕುತ್ತಿದ್ದವನಿಗೆ ಎರಡು ಕಾರಣ ಕಾಣಲಿಲ್ಲ.

ಹೊಸ ಕಂಡೆನ್ಸರ್ ಹಾಕಿದರೆ ಮುಗಿಯಿತೆಂದುಕೊಂಡೆ. ಅದು ಮೂರೇ ವಾರಕ್ಕೆ ಹೋಯಿತು. ಮೈಸೂರಿನ ಯಾದವಗಿರಿಯಲ್ಲಿ 1961ರಿಂದ ಜಾವಾ, ಆಮೇಲೆ ಯೆಜ್ಡಿ ತಯಾರಿಸಿದ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. 2022ರಲ್ಲಿ ಯೆಜ್ಡಿ ಹೆಸರಿನಲ್ಲಿ ಬಂದ ಗಾಡಿಗಳು ಫೋರ್ ಸ್ಟ್ರೋಕು, ಅವುಗಳಲ್ಲಿ ಪಾಯಿಂಟೂ ಇಲ್ಲ, ಕಂಡೆನ್ಸರೂ ಇಲ್ಲ. ಹಾಗಾಗಿ ಸಿಗುವ ಬಿಡಿಭಾಗ ಹಳೆಯ ದಾಸ್ತಾನು, ಇಲ್ಲವೇ ನಕಲು. ಕೊನೆಗೆ ಉಸ್ತಾದರು ಹಳೆಯ ಕಾರಿನ ಕಂಡೆನ್ಸರೊಂದನ್ನು ಟ್ಯಾಂಕಿನ ಕೆಳಗೆ, ಬಿಸಿ ತಾಗದ ಕಡೆ ಕೂರಿಸಿ, ಪಾಯಿಂಟಿಗೆ ಹೋಗುವ ವೈರಿಗೇ ಸೇರಿಸಿದರು. ಅದರ ಮೈ ಫ್ರೇಮಿಗೆ ಚೆನ್ನಾಗಿ ಅರ್ತ್ ಆಗಬೇಕೆಂದು ಅಲ್ಲಿನ ಪೇಂಟನ್ನು ಕೆರೆದರು. ಕಪ್ಪಾಗಿದ್ದ ಪಾಯಿಂಟು ಉಜ್ಜಿ, ಗ್ಯಾಪನ್ನು 0.4 ಮಿಲಿಮೀಟರಿಗೆ ಕಟ್ಟಿ, ಹೊಸ ಕಾರ್ಬನ್ ಹಾಕಿದರು.

ನಿಮ್ಮ ಗಾಡಿಯೂ ಬಿಸಿಯಾದ ಮೇಲೆ ನಿಲ್ಲುತ್ತಿದ್ದರೆ ಮೊದಲು ಗಡಿಯಾರ ನೋಡಿಕೊಳ್ಳಿ. ನಿಂತ ಕೂಡಲೇ ಟ್ಯಾಂಕಿನ ಮುಚ್ಚಳ ತೆರೆಯಿರಿ. ಗಾಳಿ ಎಳೆದ ಸದ್ದಾಗಿ ಒಂದೆರಡು ನಿಮಿಷದಲ್ಲೇ ಎದ್ದರೆ ಗಾಳಿಕಿಂಡಿಯ ತೊಂದರೆ. ಏಳದಿದ್ದರೆ ಬೇರೇನೂ ಮುಟ್ಟದೆ ಪಾಯಿಂಟ್ ಕವರು ಬಿಚ್ಚಿ, ಕತ್ತಲಲ್ಲೋ ಟವೆಲಿನ ಮರೆಯಲ್ಲೋ ಕಿಡಿ ನೋಡಿ. ಒಂದು ಸಲಕ್ಕೆ ಒಂದೇ ಸಾಮಾನು ಬದಲಾಯಿಸಿ. ತೆಗೆದ ಹಳೆಯದನ್ನು ಯಾರಿಗೂ ಕೊಡಬೇಡಿ.

ಈಗ ಕೆ.ಆರ್. ಪುರಕ್ಕೆ ಹೋಗಿಬಂದರೂ ಗಾಡಿ ನಿಲ್ಲುವುದಿಲ್ಲ. ಮಗಳು ಮಾತ್ರ ಆಮೇಲೆ ಅದರ ಮೇಲೆ ಹ್ಯಾಂಗಿಂಗ್ ಬ್ರಿಡ್ಜ್ ದಾಟಿಲ್ಲ. ಮೆಟ್ರೊದಲ್ಲಿ ಹೋಗುತ್ತಾಳೆ, ನಾನು ಬಲವಂತ ಮಾಡಿಲ್ಲ. ಭಾನುವಾರ ನಾನು ಪಾಯಿಂಟ್ ಗ್ಯಾಪ್ ನೋಡುವಾಗ ಮಾತ್ರ ಬಂದು ಪಕ್ಕದಲ್ಲಿ ಕೂರುತ್ತಾಳೆ. ಕಿಕ್ಕರ್ ಅದುಮುವುದು ಈಗ ಅವಳು, ಕಿಡಿ ನೋಡುವುದು ನಾನು.