ಅಲರ್ಜಿ ಇರುವ ಮಗುವಿಗೂ ಹಬ್ಬದ ತಿಂಡಿ: ನಮ್ಮ ಅಡುಗೆಮನೆಗೆ ಒಂದು ಪಾಠ



ಹಬ್ಬ, ಶಾಲೆಯ ರಜೆ ಬಂತೆಂದರೆ ನಮ್ಮ ಹೋಟೆಲುಗಳಲ್ಲಿ ಮಕ್ಕಳದ್ದೇ ಗಲಾಟೆ. ಆದರೆ ನಾವು ಪ್ರೀತಿಯಿಂದ ಬಡಿಸಿದ್ದೇ ಕೆಲವು ಮಕ್ಕಳಿಗೆ ಪ್ರಾಣಕ್ಕೆ ಕುತ್ತಾಗಬಹುದು. ಅಂಥ ಮಗು ನನ್ನ ಮನೆಯಲ್ಲೇ ಇದೆ. ಆದ್ದರಿಂದ ಈ ನಾಲ್ಕು ಮಾತು.

ನಡೆದದ್ದು

ನನ್ನ ಮೊಮ್ಮಗಳಿಗೆ ಶೇಂಗಾ ಆಗದು. 2024ರ ದೀಪಾವಳಿ ರಜೆಗೆ ಪುಣೆಗೆ ಬಂದವಳಿಗೆ ಅಜ್ಜನ ಹೋಟೆಲಿನ ದೋಸೆ ತಿನ್ನುವ ಆಸೆ. ನಮ್ಮ ಚಟ್ನಿ ಬರೀ ತೆಂಗಿನಕಾಯಿಯದು ಎಂಬ ಧೈರ್ಯದಲ್ಲಿ ನಾನೇ ಕೂರಿಸಿ ಬಡಿಸಿದೆ. ಎರಡೇ ತುತ್ತು. ತುಟಿ ಊದಿತು, ಮೈಮೇಲೆ ದದ್ದು ಎದ್ದಿತು, ಉಸಿರಾಟ ಕಷ್ಟವಾಯಿತು. ಆಸ್ಪತ್ರೆ ಹತ್ತಿರವಿದ್ದು ಚುಚ್ಚುಮದ್ದು ಬೇಗ ಸಿಕ್ಕಿದ್ದರಿಂದ ಮಗು ಉಳಿಯಿತು.

ಮರಳಿ ಬಂದು ಭಟ್ಟರನ್ನು ಕೇಳಿದೆ. "ಕಾಯಿ ರೇಟು ಏರಿದೆಯಲ್ಲ ಧಣಿಗಳೇ, ಒಂದು ವಾರದಿಂದ ಸ್ವಲ್ಪ ಶೇಂಗಾ ಸೇರಿಸಿ ರುಬ್ಬುತ್ತಿದ್ದೇನೆ" ಎಂದರು. ತಪ್ಪು ಅವರದ್ದಲ್ಲ. ಖರ್ಚು ಇಳಿಸಿ ಎಂದವನು ನಾನು. ಸಾಮಾನು ಬದಲಾದರೆ ತಿಳಿಸಬೇಕೆಂಬ ಪದ್ಧತಿ ಇಡದವನೂ ನಾನೇ.

ಅಲರ್ಜಿ ಎಂದರೇನು?

ಆಹಾರದಲ್ಲಿರುವ ಪ್ರೋಟೀನನ್ನು ಶರೀರ ಶತ್ರುವೆಂದು ತಪ್ಪಾಗಿ ತಿಳಿದು ಅದರ ಮೇಲೆ ಯುದ್ಧಕ್ಕಿಳಿಯುವುದೇ ಅಲರ್ಜಿ. ಇದು ಅಜೀರ್ಣವಲ್ಲ, ಮಗುವಿನ ಹಟವೂ ಅಲ್ಲ. ಕೆಲವರಿಗೆ ಚೂರೇ ಸಾಕು. ಶೇಂಗಾವನ್ನು ಹುರಿದರೂ ಕರಿದರೂ ದೋಷ ಹೋಗದು. ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುವುದು ಬೇರೆ, ಹಾಲಿನ ಅಲರ್ಜಿ ಬೇರೆ. ಮೊದಲನೆಯದು ಸಂಕಟ, ಎರಡನೆಯದು ಅಪಾಯ.

ಎಲ್ಲೆಲ್ಲಿ ಅಡಗಿರುತ್ತದೆ?

ಶೇಂಗಾ: ಚಟ್ನಿ, ಸಾಬೂದಾಣಾ ಖಿಚಡಿ, ಅವಲಕ್ಕಿ, ವಡಾಪಾವಿನ ಒಣ ಚಟ್ನಿ. ಗಾಣದ ಶೇಂಗಾ ಎಣ್ಣೆಯಲ್ಲೂ ಪ್ರೋಟೀನ್ ಉಳಿದಿರುತ್ತದೆ.
ಗೋಡಂಬಿ: ಪನೀರ್ ಗ್ರೇವಿ, ಕೇಸರಿಬಾತು, ಪೊಂಗಲ್.
ಗೋಧಿ: ರವಾ ಇಡ್ಲಿ, ಉಪ್ಪಿಟ್ಟು. ಅಂಗಡಿಯ ಇಂಗಿನಲ್ಲೂ ಎಷ್ಟೋ ಸಲ ಮೈದಾ ಬೆರೆತಿರುತ್ತದೆ.
ಹಾಲು: ಬೆಣ್ಣೆ, ಖೋವಾ. ತುಪ್ಪದಲ್ಲೂ ಹಾಲಿನ ಅಂಶ ಸ್ವಲ್ಪ ಉಳಿಯುತ್ತದೆ.
ಎಳ್ಳು: ಸಂಕ್ರಾಂತಿಯ ಎಳ್ಳು-ಬೆಲ್ಲದಲ್ಲಿ ಎಳ್ಳು, ಶೇಂಗಾ ಎರಡೂ ಇರುತ್ತವೆ.

ನಾವು ಮಾಡಬೇಕಾದದ್ದು

1. ಪ್ರತಿ ತಿಂಡಿಗೆ ಹಾಕುವ ಸಾಮಾನಿನ ಪಟ್ಟಿ ಅಡುಗೆಮನೆಯ ಗೋಡೆಯಲ್ಲಿರಲಿ. ಬದಲಾವಣೆ ಆದ ದಿನವೇ ಬರೆದು, ಗಲ್ಲೆಯಲ್ಲಿ ಕೂತವರಿಗೂ ತಿಳಿಸಬೇಕು.

2. ಮಾಣಿ ಊಹೆಯಿಂದ "ಇಲ್ಲ" ಎನ್ನಬಾರದು. "ಕೇಳಿ ಹೇಳುತ್ತೇನೆ" ಎನ್ನಲಿ. ನಮಗೇ ಖಾತ್ರಿ ಇಲ್ಲದಿದ್ದರೆ "ಇದು ಬೇಡ" ಎಂದು ನೇರವಾಗಿ ಹೇಳೋಣ. ಒಂದು ಪ್ಲೇಟಿನ ವ್ಯಾಪಾರ ಹೋದರೆ ಹೋಗಲಿ.

3. ಹೆಸರುಗಳ ಗೊಂದಲ ಬೇಡ. ನಮ್ಮ ಕಡಲೆಕಾಯಿ, ನೆಲಗಡಲೆ, ಶೇಂಗಾ ಎಲ್ಲ ಒಂದೇ. ಹಿಂದಿಯವರು ಮೂಂಗ್‌ಫಲಿ, ಗುಜರಾತಿನವರು ಸಿಂಗ್, ತಮಿಳರು ವೇರ್ಕಡಲೈ, ಹೈದರಾಬಾದಿನಲ್ಲಿ ಪಲ್ಲಿ ಎನ್ನುತ್ತಾರೆ. ಹುಡುಗರಿಗೆ ಇಷ್ಟನ್ನೂ ಕಲಿಸಿ.

4. ಬೇರೆ ಸೌಟು, ತೊಳೆದ ಮಿಕ್ಸರ್ ಜಾರು, ಒರೆಸಿದ ಕಾವಲಿ. ಮಸಾಲೆ ಶೇಂಗಾ ಕರಿದ ಎಣ್ಣೆಯಲ್ಲೇ ಚಕ್ಕುಲಿ ಕರಿದರೆ ಆ ಚಕ್ಕುಲಿಯೂ ಅಲರ್ಜಿಯ ಮಗುವಿಗೆ ಆಗದು. ಬಡಿಸಿದ ಮೇಲೆ ಗೋಡಂಬಿ ಹೆಕ್ಕಿ ತೆಗೆದು ಕೊಡುವುದು ಪರಿಹಾರವಲ್ಲ.

5. ಹಬ್ಬದ ಸಿಹಿ ಪೊಟ್ಟಣಗಳ ಮೇಲೆ ಒಳಗಿನ ಸಾಮಾನು ನಮೂದಿಸಿ. ಪ್ಯಾಕ್ ಮಾಡಿದ ಆಹಾರದಲ್ಲಿ ಗ್ಲುಟೆನ್ ಇರುವ ಧಾನ್ಯ, ಹಾಲು, ಮೊಟ್ಟೆ, ಮೀನು, ಸಿಗಡಿ-ಏಡಿ, ಶೇಂಗಾ ಮತ್ತು ಗೋಡಂಬಿ-ಬಾದಾಮಿ ವರ್ಗ, ಸೋಯಾ ಹಾಗೂ ಮಿತಿ ಮೀರಿದ ಸಲ್ಫೈಟ್ ಇದ್ದರೆ ತಿಳಿಸಬೇಕೆಂದು ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ಲೇಬಲಿಂಗ್ ನಿಯಮಗಳು ಹೇಳುತ್ತವೆ. ಎಳ್ಳು ಈ ಪಟ್ಟಿಯಲ್ಲಿಲ್ಲ. ಆದರೂ ಬರೆಯುವುದು ಒಳ್ಳೆಯದು.

ತುರ್ತು ಬಂದರೆ

ತಿಂದ ಕೂಡಲೇ ತುಟಿ-ಮುಖ ಊತ, ದದ್ದು, ವಾಂತಿ, ಉಬ್ಬಸ, ತಲೆಸುತ್ತು ಕಂಡರೆ ಕಾಯಬೇಡಿ. ಮನೆಯವರ ಬಳಿ ಅಡ್ರಿನಲಿನ್ ಇಂಜೆಕ್ಷನ್ ಇದ್ದರೆ ತಕ್ಷಣ ತೊಡೆಗೆ ಕೊಡಲು ಹೇಳಿ. ಅಲರ್ಜಿ ಮಾತ್ರೆಯನ್ನೇ ನಂಬಿ ಕೂರಬಾರದು. ಮಗುವನ್ನು ನಡೆಸಬೇಡಿ, ಮಲಗಿಸಿ. ಉಸಿರು ಕಟ್ಟುತ್ತಿದ್ದರೆ ಒರಗಿಸಿ ಕೂರಿಸಿ. 112ಕ್ಕೆ ಕರೆ ಮಾಡಿ, ಆಸ್ಪತ್ರೆಗೆ ಸಾಗಿಸಿ. ಹತ್ತಿರದ ಆಸ್ಪತ್ರೆಯ ನಂಬರು ಗಲ್ಲೆಯ ಬಳಿ ಬರೆದಿರಲಿ.

ಕೊನೆಯ ಮಾತು

ಇಂಥ ಮಕ್ಕಳ ತಾಯಂದಿರು ಹುಟ್ಟುಹಬ್ಬ, ಮದುವೆ, ಪ್ರವಾಸ ಎಲ್ಲಿಗೆ ಹೋದರೂ ಡಬ್ಬಿ ಕಟ್ಟಿಕೊಂಡೇ ಹೋಗುತ್ತಾರೆ. ಎಲ್ಲರೂ ತಿನ್ನುವಾಗ ಮಗು ಡಬ್ಬಿ ಬಿಚ್ಚುತ್ತದೆ. ಸಂಕ್ರಾಂತಿಯಲ್ಲಿ ಶೇಂಗಾ ಆಗದ ಮಗುವಿಗೆ ಎಳ್ಳು-ಬೆಲ್ಲದ ಬದಲು, ಬೇರೆಯಾಗಿ ತೆಗೆದಿಟ್ಟ ಸಕ್ಕರೆ ಅಚ್ಚು, ಒಂದು ತುಂಡು ಕಬ್ಬು ಕೊಟ್ಟರೆ ಅದೂ ಹಬ್ಬವೇ. ತಾಯಿಯನ್ನು ಮೊದಲು ಕೇಳಿದರಾಯಿತು.

2025ರ ದೀಪಾವಳಿಗೆ ಮೊಮ್ಮಗಳು ಮತ್ತೆ ಬಂದಳು. ಅಷ್ಟರಲ್ಲಿ ನಮ್ಮ ಅಡುಗೆಮನೆಯಿಂದ ಶೇಂಗಾ ಪೂರ್ತಿ ಹೊರಗೆ ಹೋಗಿತ್ತು. ಭಟ್ಟರು ಕಾಯಿ ಒಡೆದು ಅವಳ ಅಮ್ಮನ ಎದುರೇ ಚಟ್ನಿ ರುಬ್ಬಿದರು. ಉಳಿದ ಗಿರಾಕಿಗಳ ನಡುವೆ ಕೂತು ಅವಳು ದೋಸೆ ತಿಂದಳು. ಆ ದಿನ ಡಬ್ಬಿ ಚೀಲದಲ್ಲೇ ಉಳಿಯಿತು.

ಈ ಪಾಠವನ್ನು ತಮ್ಮ ಅಡುಗೆಯವರಿಗೂ ಮಾಣಿಗಳಿಗೂ ಒಮ್ಮೆ ಓದಿ ಹೇಳಬೇಕಾಗಿ ವಿನಂತಿ.