ನೆಲದಡಿಯ ಎಣ್ಣೆ ಕೊಳವೆ

ಅಕ್ಕಂದಿರೇ, ಬಸ್ಸು ಓಡಲು ಡೀಸೆಲ್ ಬೇಕು. ಟ್ರ್ಯಾಕ್ಟರಿಗೂ ಬೇಕು. ಈ ಡೀಸೆಲ್ ಎಲ್ಲಿಂದ ಬರುತ್ತದೆ? ನೆಲದ ಆಳದಲ್ಲಿ ಸಿಗುವ ಕಚ್ಚಾ ಎಣ್ಣೆಯಿಂದ. ಅದನ್ನು ಕಾರ್ಖಾನೆಯಲ್ಲಿ ಕಾಯಿಸಿ ಪೆಟ್ರೋಲ್, ಡೀಸೆಲ್, ಸೀಮೆಎಣ್ಣೆ ತೆಗೆಯುತ್ತಾರೆ.

ಎಣ್ಣೆ ಸಿಗುವುದು ಒಂದು ಕಡೆ. ಹಡಗು ನಿಲ್ಲುವ ಬಂದರು ಇನ್ನೊಂದು ಕಡೆ. ಲಾರಿಯಲ್ಲಿ ಸಾಗಿಸಿದರೆ ಖರ್ಚು ಹೆಚ್ಚು, ಹೊಗೆಯೂ ಹೆಚ್ಚು. ಅದಕ್ಕೇ ಉಕ್ಕಿನ ಕೊಳವೆ ಹೂಳುತ್ತಾರೆ. 'ಹೂತುಬಿಟ್ಟರೆ ಆಯ್ತಲ್ಲ, ತೊಂದರೆ ಏನು?' ಅಂತ ನೀವು ಕೇಳಬಹುದು. ಉತ್ತರ ತಿಳಿಯಲು ಆಫ್ರಿಕಾದ ಒಂದು ದೊಡ್ಡ ಕೊಳವೆಯ ವಿಷಯ ಓದೋಣ.

ಎಲ್ಲಿಂದ ಎಲ್ಲಿಗೆ?

ಆಫ್ರಿಕಾದಲ್ಲಿ ಉಗಾಂಡ ಎಂಬ ದೇಶವಿದೆ. ಅಲ್ಲಿ ಬಹಳ ಜನ ನಮ್ಮ ಹಾಗೆಯೇ ಬೇಸಾಯ ಮಾಡುತ್ತಾರೆ. ಬಾಳೆ, ಕಾಫಿ, ಮರಗೆಣಸು ಬೆಳೆಯುತ್ತಾರೆ. 2006ರಲ್ಲಿ ಅಲ್ಲಿನ ಆಲ್ಬರ್ಟ್ ಸರೋವರದ ಬಳಿ ಎಣ್ಣೆ ಸಿಕ್ಕಿತು. ಉಗಾಂಡಕ್ಕೆ ಕಡಲಿಲ್ಲ. ಪಕ್ಕದ ತಾಂಜಾನಿಯ ದೇಶದ ಟಾಂಗಾ ಬಂದರಿಗೆ ಎಣ್ಣೆ ಒಯ್ಯಬೇಕು. ಅದಕ್ಕೆ 1,443 ಕಿಲೋಮೀಟರ್ ಉದ್ದದ ಕೊಳವೆ ಹಾಕಲು 2022ರಲ್ಲಿ ಕೊನೆಯ ತೀರ್ಮಾನವಾಯಿತು. ಬೆಂಗಳೂರಿನಿಂದ ಮುಂಬಯಿಗೆ ಹೋಗುವ ದಾರಿಗಿಂತ ಇದು ಉದ್ದ.

ಚಳಿಗಾಲದಲ್ಲಿ ಕೊಬ್ಬರಿ ಎಣ್ಣೆ ಗಟ್ಟಿಯಾಗುತ್ತದಲ್ಲ? ಉಗಾಂಡದ ಎಣ್ಣೆಯೂ ಹಾಗೆಯೇ. ಅದರಲ್ಲಿ ಮೇಣದ ಅಂಶ ಹೆಚ್ಚು. ಹರಿಯಬೇಕಾದರೆ ಅದನ್ನು ದಾರಿಯುದ್ದಕ್ಕೂ 50 ಡಿಗ್ರಿ ಬಿಸಿಯಲ್ಲಿ ಇಡಬೇಕು.

ಮಣ್ಣಿಗೆ ಏನಾಗುತ್ತದೆ?

ಕೊಳವೆಯ ಅಗಲ 2 ಅಡಿ ಮಾತ್ರ. ಆದರೆ ಹೂಳುವ ಕೆಲಸಕ್ಕೆ ಸುಮಾರು 100 ಅಡಿ ಅಗಲದ ಜಾಗ ಬೇಕು. ಆ ಜಾಗದ ಗಿಡಮರ ಕಡಿಯುತ್ತಾರೆ. ದೊಡ್ಡ ಯಂತ್ರ ಓಡಾಡಿ ನೆಲ ಗಟ್ಟಿಯಾಗುತ್ತದೆ. ಮಳೆನೀರು ಇಂಗುವುದಿಲ್ಲ. ಸಡಿಲ ಮಣ್ಣು ಕೊಚ್ಚಿ ಹಳ್ಳ ಸೇರುತ್ತದೆ.

ಹೊಲದ ಸತ್ವ ಇರುವುದು ಮೇಲ್ಮಣ್ಣಿನಲ್ಲಿ. ಅಗೆಯುವಾಗ ಅದನ್ನು ಬೇರೆ ರಾಶಿ ಮಾಡಬೇಕು. ಕೊನೆಗೆ ಅದನ್ನೇ ಮೇಲೆ ಹರಡಬೇಕು. ಕೆಳಗಿನ ಮಣ್ಣು ಮೇಲೆ ಬಂದರೆ ಬೆಳೆ ಸರಿಯಾಗಿ ಏಳುವುದಿಲ್ಲ.

ನೀರಿಗೆ ಏನಾಗುತ್ತದೆ?

ವಿಕ್ಟೋರಿಯಾ ಆಫ್ರಿಕಾದ ಅತಿ ದೊಡ್ಡ ಸರೋವರ. ಕೋಟಿಗಟ್ಟಲೆ ಜನ ಅದನ್ನು ನಂಬಿದ್ದಾರೆ. ಆ ಸರೋವರಕ್ಕೆ ನೀರು ಹರಿದು ಬರುವ ಸೀಮೆಯಲ್ಲೇ ಕೊಳವೆ ಸುಮಾರು 460 ಕಿಲೋಮೀಟರ್ ಹಾದು ಹೋಗುತ್ತದೆ. ಕೊಳವೆ ಸೋರಿದರೆ ಗತಿ ಏನು?

ಅಮೆರಿಕದಲ್ಲಿ ಹೀಗೇ ಆಗಿತ್ತು. 2010ರ ಜುಲೈಯಲ್ಲಿ ಮಿಷಿಗನ್ ರಾಜ್ಯದಲ್ಲಿ ಒಂದು ಎಣ್ಣೆ ಕೊಳವೆ ಒಡೆಯಿತು. ಎಚ್ಚರಿಕೆಯ ಗಂಟೆ ಬಾರಿಸಿದರೂ ಅದು ಒಡೆದದ್ದೆಂದು ಕೆಲಸದವರಿಗೆ ಗೊತ್ತಾಗಲಿಲ್ಲ. ನಿಲ್ಲಿಸಿದ್ದ ಎಣ್ಣೆಯನ್ನು ಮತ್ತೆ ಹರಿಯಬಿಟ್ಟರು. ಗೊತ್ತಾಗಲು 17 ಗಂಟೆ ಹಿಡಿಯಿತು. ಅಷ್ಟರಲ್ಲಿ 30 ಲಕ್ಷ ಲೀಟರಿಗೂ ಹೆಚ್ಚು ಎಣ್ಣೆ ಸೋರಿತ್ತು. ಅದು ಕಲಮಜೂ ಎಂಬ ಹೊಳೆ ಸೇರಿತು. ತೊಳೆಯುವ ಕೆಲಸ ವರ್ಷಗಟ್ಟಲೆ ನಡೆಯಿತು.

ಕಾಡು, ಕಡಲು

ಉಗಾಂಡದ ಎಣ್ಣೆ ಬಾವಿಗಳಲ್ಲಿ ಕೆಲವು ಮರ್ಚಿಸನ್ ಫಾಲ್ಸ್ ಎಂಬ ರಕ್ಷಿತ ಕಾಡಿನೊಳಗೇ ಇವೆ. ಅಲ್ಲಿ ಆನೆ, ಜಿರಾಫೆಗಳಿವೆ. ಟಾಂಗಾ ಕಡಲಂಚಿನಲ್ಲಿ ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳಿವೆ. ಮೀನು ಮರಿ ಮಾಡುವುದು ಅವುಗಳ ಬೇರಿನ ನಡುವೆ. ಅಲ್ಲಿ ಎಣ್ಣೆ ಚೆಲ್ಲಿದರೆ ಮೀನುಗಾರರ ಅನ್ನಕ್ಕೇ ಕುತ್ತು.

ಮೊದಲ ಪೆಟ್ಟು ಯಾರಿಗೆ?

ಕೊಳವೆಯಿಂದ ದೇಶಕ್ಕೆ ಹಣ ಬರುತ್ತದೆ, ಕೆಲಸ ಸಿಗುತ್ತದೆ ಎಂದು ಎರಡೂ ಸರ್ಕಾರಗಳು ಹೇಳಿವೆ. ಆದರೆ ಉಗಾಂಡದಲ್ಲಿ ಸರ್ವೆ ಮುಗಿದ ಮೇಲೆ ರೈತರಿಗೆ, ಬಹುಕಾಲ ಬಾಳುವ ಬೆಳೆ ಹಾಕಬೇಡಿ ಅಂದರು. ಅಂದರೆ ಕಾಫಿ ಇಲ್ಲ, ಬಾಳೆ ಇಲ್ಲ. ಪರಿಹಾರದ ಹಣ ಮಾತ್ರ ಬೇಗ ಬರಲಿಲ್ಲ. ಎಷ್ಟೋ ಜನ ವರ್ಷಗಟ್ಟಲೆ ಕಾದರು. ಒಲೆ ಹಚ್ಚುವವಳು, ನೀರು ತರುವವಳು ಹೆಂಗಸು. ಹೊಲ ಬರಿದಾದರೆ, ಹಳ್ಳ ಕೆಟ್ಟರೆ ಮೊದಲು ಅವಳಿಗೇ ತಟ್ಟುತ್ತದೆ.

ನಮ್ಮಲ್ಲಿ ಹೇಗೆ?

ನಮ್ಮ ರಾಜ್ಯದಲ್ಲೂ ಮಂಗಳೂರಿನಿಂದ ಹಾಸನದ ಮೇಲೆ ಬೆಂಗಳೂರಿಗೆ ಕೊಳವೆ ಇದೆ. ಅದರಲ್ಲಿ ಹರಿಯುವುದು ಕಚ್ಚಾ ಎಣ್ಣೆಯಲ್ಲ. ಶುದ್ಧ ಮಾಡಿದ ಪೆಟ್ರೋಲ್, ಡೀಸೆಲ್. ಎರಡು ಬಗೆಯ ಕೊಳವೆಗೂ 1962ರ ಒಂದು ಕಾನೂನಿದೆ. ಅದರ ಪ್ರಕಾರ ಜಮೀನು ನಿಮ್ಮದಾಗಿಯೇ ಉಳಿಯುತ್ತದೆ. ಉಳಬಹುದು, ಬಿತ್ತಬಹುದು. ಆದರೆ ಕೊಳವೆ ಹೋದ ಜಾಗದಲ್ಲಿ ಮನೆ ಕಟ್ಟುವಂತಿಲ್ಲ. ಬಾವಿ ತೋಡುವಂತಿಲ್ಲ. ಮರ ನೆಡುವಂತಿಲ್ಲ.

ಕೊಳವೆ ಹಾಕುವ ಮೊದಲು ಸರ್ಕಾರ ಪ್ರಕಟಣೆ ಹೊರಡಿಸುತ್ತದೆ. ಅದು ಜನರ ಕೈಗೆ ಸಿಗುವಂತಾದ ದಿನದಿಂದ 21 ದಿನದೊಳಗೆ ತಕರಾರು ಬರೆದುಕೊಡಬಹುದು. ನೆನಪಿಡಿ, ಬಾಯಲ್ಲಿ ಹೇಳಿದರೆ ಸಾಲದು, ಬರೆದುಕೊಡಬೇಕು. ಓದು ಬಲ್ಲವಳು ದಿನ ಎಣಿಸುತ್ತಾಳೆ. ಮೇಲ್ಮಣ್ಣು ಎಲ್ಲಿ ಹಾಕುತ್ತೀರಿ, ಸೋರಿದರೆ ಯಾರಿಗೆ ಹೇಳಬೇಕು ಎಂದು ಕೇಳುತ್ತಾಳೆ. ಕೊಳವೆ ಹೂತ ಮೇಲೆ ಕೇಳುವುದಕ್ಕಿಂತ ಅಗೆಯುವ ಮೊದಲು ಕೇಳುವುದು ಮೇಲು.

ಯೋಚಿಸಿ, ಮಾತಾಡಿ

1. ಉಗಾಂಡದ ಎಣ್ಣೆಯನ್ನು ಬಿಸಿಯಾಗಿ ಇಡುವುದು ಏಕೆ?
2. ಮೇಲ್ಮಣ್ಣನ್ನು ಬೇರೆ ರಾಶಿ ಮಾಡದಿದ್ದರೆ ಏನಾಗುತ್ತದೆ?
3. ತಕರಾರು ಎಷ್ಟು ದಿನದೊಳಗೆ ಕೊಡಬೇಕು?
4. ನಿಮ್ಮೂರಿನ ಕೆರೆ, ಬಾವಿ, ಹಳ್ಳಗಳ ಹೆಸರು ಬರೆಯಿರಿ.